ಒಂದು ವರ್ಷದ ಹಣ, ಮೂವತ್ತು ವರ್ಷದ ವಿಮಾನ

2025ರ ಸೆಪ್ಟೆಂಬರ್ 25ರಂದು ರಕ್ಷಣಾ ಸಚಿವಾಲಯವು ಭಾರತೀಯ ವಾಯುಪಡೆಗಾಗಿ 97 ತೇಜಸ್ ಮಾರ್ಕ್-1ಎ ಯುದ್ಧವಿಮಾನಗಳನ್ನು ಕೊಳ್ಳಲು ಸರ್ಕಾರಿ ವಿಮಾನ ತಯಾರಿಕಾ ಕಂಪನಿ ಎಚ್‌ಎಎಲ್ ಜೊತೆ 62,370 ಕೋಟಿ ರೂಪಾಯಿಗೂ ಮಿಗಿಲಾದ ಒಪ್ಪಂದಕ್ಕೆ ಸಹಿ ಹಾಕಿತು. ಮರುದಿನವೇ ಚಂಡೀಗಢದಲ್ಲಿ, 1963ರಿಂದ ಸೇವೆಯಲ್ಲಿದ್ದ ಮಿಗ್-21 ವಿಮಾನಗಳಿಗೆ ಬೀಳ್ಕೊಡುಗೆ ನಡೆಯಿತು. ಆ ವಿಮಾನಗಳು ಹೋದ ಮೇಲೆ ವಾಯುಪಡೆಯಲ್ಲಿ ಉಳಿದ ಯುದ್ಧವಿಮಾನ ತುಕಡಿಗಳು, ಅಂದರೆ ಸ್ಕ್ವಾಡ್ರನ್‌ಗಳು 29. ಸರ್ಕಾರವೇ ಮಂಜೂರು ಮಾಡಿರುವ ಸಂಖ್ಯೆ 42. ಹೊಸ ಒಪ್ಪಂದದ ವಿಮಾನಗಳ ಪೂರೈಕೆ 2027-28ರಲ್ಲಿ ಆರಂಭವಾಗಿ ಆರು ವರ್ಷಗಳಲ್ಲಿ ಮುಗಿಯಬೇಕು ಎಂದು ಒಪ್ಪಂದ ಹೇಳುತ್ತದೆ.

ಅಂದಿನಿಂದ ಪರಿಚಯದವರು ನನ್ನನ್ನು ಕೇಳುತ್ತಿರುವುದು ಒಂದೇ ಪ್ರಶ್ನೆ. ಇಷ್ಟೊಂದು ಸಾವಿರ ಕೋಟಿ ಮಂಜೂರಾಗುತ್ತದೆ, ಕೆಲಸ ಬಲ್ಲವರು ನಮ್ಮ ಊರಿನಲ್ಲೇ ಇದ್ದಾರೆ, ಆದರೂ ವಿಮಾನ ಯಾಕೆ ಹೊತ್ತಿಗೆ ಸರಿಯಾಗಿ ಬರುವುದಿಲ್ಲ? ನಾನು ವಾಯುಪಡೆಯಲ್ಲಿ ಇದ್ದವನಲ್ಲ. ಪೀಣ್ಯದಲ್ಲಿ ಇಪ್ಪತ್ತೆರಡು ವರ್ಷಗಳಿಂದ ಒಂದು ಸಣ್ಣ ಮಷಿನ್ ಶಾಪ್ ನಡೆಸುತ್ತಿದ್ದೇನೆ. ವಿಮಾನದ ಭಾಗಗಳನ್ನು ಜೋಡಿಸುವ ದೊಡ್ಡ ಕಂಪನಿಗಳಿಗೆ ಅಲ್ಯೂಮಿನಿಯಂ ಬ್ರಾಕೆಟ್‌ಗಳನ್ನೂ ಫಿಟ್ಟಿಂಗ್‌ಗಳನ್ನೂ ಮಾಡಿಕೊಡುವುದು ನಮ್ಮ ಕಸುಬು. ಆದ್ದರಿಂದ ದೆಹಲಿಯಲ್ಲಿ ಹೊರಡುವ ಹಣ ಎಲ್ಲೆಲ್ಲಿ ನಿಂತು, ಎಲ್ಲೆಲ್ಲಿ ಹರಿದು, ಕೊನೆಗೆ ಒಂದು ಲೇತಿನ ಮುಂದೆ ನಿಂತವನ ಸಂಬಳವಾಗುತ್ತದೆ ಎಂಬುದನ್ನು ತುದಿಯಲ್ಲಿ ನಿಂತು ನೋಡಿದ್ದೇನೆ. ನನಗೆ ಮನವರಿಕೆಯಾಗಿರುವ ಸಂಗತಿ ಇಷ್ಟು: ಹಣ ಸಾಲದೆ ಆದ ತೊಂದರೆಗಿಂತ, ಆರ್ಡರ್‌ಗಳ ನಡುವೆ ಬಿದ್ದ ಖಾಲಿ ವರ್ಷಗಳಿಂದ ಆದ ತೊಂದರೆ ದೊಡ್ಡದು.

ಮೊದಲು ಬಜೆಟ್ಟಿನ ವಿಷಯ. 2025-26ರಲ್ಲಿ ರಕ್ಷಣಾ ಸಚಿವಾಲಯಕ್ಕೆ ಸಂಸತ್ತು ಕೊಟ್ಟದ್ದು 6.81 ಲಕ್ಷ ಕೋಟಿ ರೂಪಾಯಿ. ಇದನ್ನು ಕೇಳಿದವರು ಅಷ್ಟೂ ಹಣ ಶಸ್ತ್ರಾಸ್ತ್ರಕ್ಕೆ ಹೋಗುತ್ತದೆ ಎಂದುಕೊಳ್ಳುತ್ತಾರೆ. ಈ ಮೊತ್ತ ನಾಲ್ಕು ಅನುದಾನ ಬೇಡಿಕೆಗಳಾಗಿ ಒಡೆದಿರುತ್ತದೆ: ಸಚಿವಾಲಯದ ನಾಗರಿಕ ವೆಚ್ಚ, ಮೂರೂ ಪಡೆಗಳ ರಾಜಸ್ವ ವೆಚ್ಚ, ಬಂಡವಾಳ ವೆಚ್ಚ ಮತ್ತು ಪಿಂಚಣಿ. ಪಿಂಚಣಿಯೊಂದಕ್ಕೇ 1.60 ಲಕ್ಷ ಕೋಟಿ ಹೋಗುತ್ತದೆ. ಸಂಬಳ, ಇಂಧನ, ಬಿಡಿಭಾಗ, ದುರಸ್ತಿ, ಪಡಿತರ ಎಲ್ಲವೂ ರಾಜಸ್ವದಲ್ಲಿ. ವಿಮಾನ, ಹಡಗು, ಟ್ಯಾಂಕು, ಭೂಮಿ, ಕಟ್ಟಡ ಮುಂತಾದವುಗಳಿಗೆ ಇರುವ ಬಂಡವಾಳ ವೆಚ್ಚ 1.80 ಲಕ್ಷ ಕೋಟಿ. ಅದರಲ್ಲಿಯೂ ಹೊಸ ಉಪಕರಣಗಳ ಖರೀದಿಗೆ, ಅಂದರೆ ಆಧುನೀಕರಣಕ್ಕೆ ಎಂದು ಇಟ್ಟದ್ದು 1,48,722 ಕೋಟಿ. ಇದರ ಮುಕ್ಕಾಲು ಪಾಲು, 1,11,544 ಕೋಟಿ, ದೇಶದೊಳಗಿನ ಉದ್ಯಮಗಳಿಂದಲೇ ಕೊಳ್ಳಲು ಮೀಸಲು.

ಇನ್ನು ಈ ಆಧುನೀಕರಣದ ಹಣವೂ ಹೊಸ ಆಲೋಚನೆಗಳಿಗೆ ಪೂರ್ತಿ ಸಿಗುವುದಿಲ್ಲ. ವಿಮಾನವೊಂದನ್ನು ಅಂಗಡಿಯಲ್ಲಿ ಹಣ ಕೊಟ್ಟು ಕೈಗೆ ತೆಗೆದುಕೊಂಡಂತೆ ಕೊಳ್ಳಲಾಗುವುದಿಲ್ಲ. ಸಹಿಯಾದಾಗ ಒಂದು ಪಾಲು ಮುಂಗಡ, ಕೆಲಸ ಮುಂದುವರಿದಂತೆ ಹಂತಹಂತವಾಗಿ ಮತ್ತಷ್ಟು, ವಿಮಾನ ಹಸ್ತಾಂತರವಾದಾಗ ಉಳಿದದ್ದು, ಹೀಗೆ ಹಣ ವರ್ಷಗಟ್ಟಲೆ ಹಂಚಿಹೋಗುತ್ತದೆ. ಹಿಂದಿನ ವರ್ಷಗಳಲ್ಲಿ ಸಹಿ ಹಾಕಿದ ಒಪ್ಪಂದಗಳಿಗೆ ಈ ವರ್ಷ ಕೊಡಲೇಬೇಕಾದ ಕಂತುಗಳನ್ನು 'ಬದ್ಧ ಹೊಣೆಗಾರಿಕೆ' ಎನ್ನುತ್ತಾರೆ. ಅದನ್ನು ತೀರಿಸಿ ಉಳಿದದ್ದಷ್ಟೇ ಹೊಸ ಖರೀದಿಗೆ. ಕೆಲವು ವರ್ಷ ಏನೂ ಉಳಿಯುವುದಿಲ್ಲ. 2018ರ ಮಾರ್ಚ್‌ನಲ್ಲಿ ಅಂದಿನ ಭೂಸೇನಾ ಉಪಮುಖ್ಯಸ್ಥರು ಸಂಸದೀಯ ಸ್ಥಾಯಿ ಸಮಿತಿಯ ಮುಂದೆ ಹೇಳಿದ ಲೆಕ್ಕವನ್ನು ನಾನು ಇಂದಿಗೂ ಮರೆತಿಲ್ಲ: ಆಧುನೀಕರಣಕ್ಕೆ ಭೂಸೇನೆಗೆ ಸಿಕ್ಕ ಹಣ 21,338 ಕೋಟಿ, ಆದರೆ ಆಗಲೇ ನಡೆಯುತ್ತಿದ್ದ 125 ಯೋಜನೆಗಳಿಗೆ ಕೊಡಬೇಕಾದ ಕಂತುಗಳೇ 29,033 ಕೋಟಿ. ಮನೆ ಸಾಲದ ಕಂತು ಸಂಬಳಕ್ಕಿಂತ ಹೆಚ್ಚಾದಾಗ ಆ ಮನೆಯವರ ಪರಿಸ್ಥಿತಿ ಏನಾಗುತ್ತದೆಯೋ ಅದೇ ಪರಿಸ್ಥಿತಿ ಅದು. ಆದ್ದರಿಂದ 62,000 ಕೋಟಿಯ ಒಪ್ಪಂದ ಎಂಬ ಶೀರ್ಷಿಕೆ ಕಂಡಾಗ, ಅಷ್ಟು ಹಣ ಅಂದೇ ಎಲ್ಲಿಗೋ ಹೋಯಿತು ಎಂದು ಓದಬಾರದು. ಮುಂದಿನ ಏಳೆಂಟು ಬಜೆಟ್‌ಗಳ ಮೇಲೆ ಒಂದು ಹೊರೆ ಬಿತ್ತು ಎಂದು ಓದಬೇಕು.

ಒಪ್ಪಂದಕ್ಕೆ ಮುಂಚಿನ ದಾರಿ ಇನ್ನೂ ಉದ್ದ. ಕಾರ್ಗಿಲ್ ಯುದ್ಧದ ನಂತರದ ಪರಾಮರ್ಶೆಗಳ ಫಲವಾಗಿ 2001ರಲ್ಲಿ ರಕ್ಷಣಾ ಸಚಿವರ ಅಧ್ಯಕ್ಷತೆಯ ರಕ್ಷಣಾ ಖರೀದಿ ಮಂಡಳಿ ರಚನೆಯಾಯಿತು. 2002ರಲ್ಲಿ ಮೊದಲ ಖರೀದಿ ಕಾರ್ಯವಿಧಾನ ಬಂತು. ಅದು ಹಲವು ಬಾರಿ ತಿದ್ದುಪಡಿಯಾಗಿ 2020ರ ಅಕ್ಟೋಬರ್ 1ರಿಂದ ಹೊಸ ರೂಪದಲ್ಲಿ ಜಾರಿಯಾಯಿತು. ವಾಯುಪಡೆಯ ಕೇಂದ್ರ ಕಚೇರಿ ಮೊದಲು ತನಗೆ ಎಂಥ ವಿಮಾನ ಬೇಕು, ಅದು ಎಷ್ಟು ಭಾರ ಹೊರಬೇಕು, ಎಷ್ಟು ದೂರ ಹಾರಬೇಕು, ಯಾವ ಎತ್ತರದ ನೆಲೆಯಿಂದ ಏರಬೇಕು ಎಂಬ ಗುಣಮಟ್ಟದ ಅಗತ್ಯಗಳನ್ನು ಬರೆಯುತ್ತದೆ. ತಯಾರಕರಿಂದ ಮಾಹಿತಿ ತರಿಸುತ್ತದೆ. ನಂತರ ಕಡತ ಖರೀದಿ ಮಂಡಳಿಗೆ ಹೋಗಿ, ಈ ವಸ್ತು ನಿಜವಾಗಿಯೂ ಅಗತ್ಯ, ಇದನ್ನು ಇಂಥ ವರ್ಗದಲ್ಲಿ ಕೊಳ್ಳಬೇಕು ಎಂಬ ಒಪ್ಪಿಗೆ ದೊರೆಯುತ್ತದೆ. ಪತ್ರಿಕೆಗಳು 'ಖರೀದಿಗೆ ಅನುಮೋದನೆ' ಎಂದು ದೊಡ್ಡ ಅಕ್ಷರದಲ್ಲಿ ಬರೆಯುವುದು ಬಹುತೇಕ ಈ ಹಂತವನ್ನೇ. ಇದು ಕೊಳ್ಳುವ ನಿರ್ಧಾರವಲ್ಲ, ಕೊಳ್ಳುವ ಕೆಲಸ ಆರಂಭಿಸಲು ಅನುಮತಿ ಮಾತ್ರ. ಆಮೇಲೆ ಬೆಲೆಯ ಪ್ರಸ್ತಾವ ಕೇಳಬೇಕು. ಬಂದ ತಾಂತ್ರಿಕ ಪ್ರಸ್ತಾವಗಳನ್ನು ತೂಗಿ ನೋಡಬೇಕು. ವಿಮಾನವನ್ನು ತರಿಸಿ ಹಾರಿಸಿ ಪರೀಕ್ಷಿಸಬೇಕು. ಬೆಲೆಯ ಲಕೋಟೆ ಒಡೆದು ಕಡಿಮೆ ಬೆಲೆಯವರನ್ನು ಗುರುತಿಸಬೇಕು. ಸಂಧಾನ ಸಮಿತಿ ಅವರೊಂದಿಗೆ ಕುಳಿತು ಮಾತನಾಡಬೇಕು. ಮೊತ್ತ 3,000 ಕೋಟಿ ದಾಟಿದರೆ ಪ್ರಧಾನಿಯವರ ಅಧ್ಯಕ್ಷತೆಯ ಭದ್ರತೆ ಕುರಿತ ಸಂಪುಟ ಸಮಿತಿಯೇ ಒಪ್ಪಬೇಕು. ಪ್ರತಿ ಹಂತದಲ್ಲೂ ರಕ್ಷಣಾ ಸಚಿವಾಲಯದ ಹಣಕಾಸು ವಿಭಾಗದ ಅಭಿಪ್ರಾಯ ಕಡತದ ಜೊತೆ ಇರುತ್ತದೆ.

ಈ ಹಂತಗಳನ್ನು ದೂರುವುದು ಸುಲಭ. ಆದರೆ ಪ್ರತಿಯೊಂದು ಹಂತಕ್ಕೂ ಒಂದು ಹಿನ್ನೆಲೆ ಇದೆ. 1986ರಲ್ಲಿ ಕೊಂಡ ಬೊಫೋರ್ಸ್ ಫಿರಂಗಿಗಳ ಸುತ್ತ ಎದ್ದ ವಿವಾದದ ನಂತರ ಸುಮಾರು ಮೂರು ದಶಕ ನಮ್ಮ ಭೂಸೇನೆಗೆ ಹೊಸ ದೊಡ್ಡ ಫಿರಂಗಿಯೇ ಬರಲಿಲ್ಲ. ಸಹಿ ಹಾಕಿದರೆ ನಾಳೆ ತನಿಖೆ ಎದುರಿಸಬೇಕಾದೀತು ಎಂಬ ಹೆದರಿಕೆ ಅಧಿಕಾರಿಯ ಮನಸ್ಸಿನಲ್ಲಿ ಬೇರೂರಿದರೆ, ಆತ ಇನ್ನೊಂದು ಸಮಿತಿಯನ್ನು, ಇನ್ನೊಂದು ಸಹಿಯನ್ನು ಬಯಸುವುದು ಸಹಜ. ಸಾರ್ವಜನಿಕರ ಹಣಕ್ಕೆ ಲೆಕ್ಕ ಇರಲೇಬೇಕು ಎಂಬುದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿಲ್ಲ. ನನ್ನ ಆಕ್ಷೇಪ ಇರುವುದು, ತಡವಾದದ್ದಕ್ಕೆ ಮಾತ್ರ ಯಾರೂ ಲೆಕ್ಕ ಕೊಡಬೇಕಾಗಿಲ್ಲ ಎಂಬ ಸ್ಥಿತಿಗೆ.

126 ಮಧ್ಯಮ ಗಾತ್ರದ ಯುದ್ಧವಿಮಾನಗಳ ಕಥೆ ಇದಕ್ಕೆ ದೊಡ್ಡ ಉದಾಹರಣೆ. 2007ರ ಆಗಸ್ಟ್‌ನಲ್ಲಿ ಆರು ತಯಾರಕರಿಂದ ಪ್ರಸ್ತಾವ ಕೇಳಲಾಯಿತು. ವಿಮಾನಗಳು ಬೆಂಗಳೂರಿಗೆ, ಜೈಸಲ್ಮೇರಿನ ಮರುಭೂಮಿಗೆ, ಲೇಹ್‌ನ ಎತ್ತರಕ್ಕೆ ಬಂದು ಪರೀಕ್ಷೆಗೆ ನಿಂತವು. 2011ರ ಏಪ್ರಿಲ್‌ನಲ್ಲಿ ರಫೇಲ್ ಮತ್ತು ಯೂರೋಫೈಟರ್ ಎರಡು ಉಳಿದವು. 2012ರ ಜನವರಿಯಲ್ಲಿ ರಫೇಲ್ ಬೆಲೆ ಕಡಿಮೆ ಎಂದು ನಿರ್ಧಾರವಾಯಿತು. ಅದಾದ ಮೇಲೆ ಮೂರು ವರ್ಷ ಮಾತುಕತೆ ನಡೆದರೂ ಒಪ್ಪಂದವಾಗಲಿಲ್ಲ. ಅವುಗಳ ಪೈಕಿ 108 ವಿಮಾನಗಳನ್ನು ಎಚ್‌ಎಎಲ್ ಇಲ್ಲಿಯೇ ತಯಾರಿಸಬೇಕಾಗಿತ್ತು. ಪ್ರಕ್ರಿಯೆಯನ್ನೇ 2015ರಲ್ಲಿ ಹಿಂದಕ್ಕೆ ಪಡೆಯಲಾಯಿತು. ಕೊನೆಗೆ 2016ರ ಸೆಪ್ಟೆಂಬರ್ 23ರಂದು ಎರಡು ಸರ್ಕಾರಗಳ ನಡುವೆ 36 ರಫೇಲ್‌ಗಳಿಗೆ ಸಹಿಯಾಗಿ, ಮೊದಲ ಐದು ವಿಮಾನಗಳು ಅಂಬಾಲಾದಲ್ಲಿ ಇಳಿದದ್ದು 2020ರ ಜುಲೈ 29ರಂದು. ಯಾವ ನಿರ್ಧಾರ ಸರಿ ಎಂಬ ರಾಜಕೀಯ ವಾದಕ್ಕೆ ನಾನು ಹೋಗುವುದಿಲ್ಲ. 126ರ ಜಾಗದಲ್ಲಿ 36 ಬಂದವು, ಹದಿಮೂರು ವರ್ಷ ಹಿಡಿಯಿತು ಎಂಬುದಷ್ಟೇ ನನ್ನ ವಿಷಯಕ್ಕೆ ಬೇಕಾದದ್ದು. ಆ 90 ವಿಮಾನಗಳ ಕೊರತೆಯೇ ಇಂದಿನ 29 ಸ್ಕ್ವಾಡ್ರನ್ ಎಂಬ ಸಂಖ್ಯೆಯೊಳಗೆ ಕುಳಿತಿದೆ.

ಬೀದರ್‌ನ ವಾಯುನೆಲೆಯ ಮೇಲೆ ಹಾರುವ ಹಾಕ್ ತರಬೇತಿ ವಿಮಾನಗಳನ್ನು ನಮ್ಮಲ್ಲಿ ಅನೇಕರು ನೋಡಿರಬಹುದು. ಹೊಸ ಪೈಲಟ್‌ಗಳು ಸಾಧಾರಣ ತರಬೇತಿ ವಿಮಾನದಿಂದ ನೇರವಾಗಿ ಮಿಗ್-21ರಂಥ ವೇಗದ ವಿಮಾನಕ್ಕೆ ಹಾರಬೇಕಾಗಿರುವುದು ಅಪಾಯಕರ, ನಡುವೆ ಒಂದು ಸುಧಾರಿತ ಜೆಟ್ ತರಬೇತಿ ವಿಮಾನ ಬೇಕು ಎಂದು ಪರಿಣತರ ಸಮಿತಿ ಹೇಳಿದ್ದು 1980ರ ದಶಕದ ಆರಂಭದಲ್ಲಿ. 66 ಹಾಕ್‌ಗಳಿಗೆ ಒಪ್ಪಂದವಾದದ್ದು 2004ರಲ್ಲಿ. ಬೀದರ್‌ನಲ್ಲಿ ಅವು ಸೇವೆಗೆ ಸೇರಿದ್ದು 2008ರ ಫೆಬ್ರವರಿಯಲ್ಲಿ. ಕಾಲು ಶತಮಾನ. ಆ ಅವಧಿಯಲ್ಲಿ ಇಪ್ಪತ್ತೊಂದು, ಇಪ್ಪತ್ತೆರಡು ವಯಸ್ಸಿನ ಹುಡುಗರು ನಡುವಿನ ಮೆಟ್ಟಿಲಿಲ್ಲದೆಯೇ ಮಿಗ್ ಏರಿದರು. ಖರೀದಿಯ ವಿಳಂಬವನ್ನು ಕೇವಲ ಬೆಲೆ ಏರಿಕೆಯ ರೂಪದಲ್ಲಿ ಲೆಕ್ಕ ಹಾಕುವವರ ಮಾತು ಕೇಳಿದಾಗ ನನಗೆ ಬೀದರ್ ನೆನಪಾಗುತ್ತದೆ.

ಈಗ ತೇಜಸ್ ವಿಷಯಕ್ಕೆ ಬರುತ್ತೇನೆ. ಲಘು ಯುದ್ಧವಿಮಾನ ಯೋಜನೆಗೆ 1983ರಲ್ಲಿ 560 ಕೋಟಿ ಮಂಜೂರಾಗಿ, 1984ರಲ್ಲಿ ಬೆಂಗಳೂರಿನಲ್ಲಿ ಏರೋನಾಟಿಕಲ್ ಡೆವಲಪ್‌ಮೆಂಟ್ ಏಜೆನ್ಸಿ ಹುಟ್ಟಿತು. 2001ರ ಜನವರಿ 4ರಂದು ವಿಂಗ್ ಕಮಾಂಡರ್ ರಾಜೀವ್ ಕೋಠಿಯಾಲ್ ಅವರು ಎಚ್‌ಎಎಲ್ ವಿಮಾನ ನಿಲ್ದಾಣದಿಂದ ಅದನ್ನು ಮೊದಲ ಬಾರಿಗೆ ಹಾರಿಸಿದರು. ವಿನ್ಯಾಸದಲ್ಲಿ ಆದ ವಿಳಂಬದ ಬಗ್ಗೆ ಸಾಕಷ್ಟು ಜನ ಬರೆದಿದ್ದಾರೆ. ಆರ್ಡರ್ ಕೊಟ್ಟ ರೀತಿಯ ಬಗ್ಗೆ ಬರೆದವರು ಕಡಿಮೆ. ವಾಯುಪಡೆ 2006ರಲ್ಲಿ 20 ವಿಮಾನಗಳಿಗೆ, 2010ರಲ್ಲಿ ಇನ್ನೂ 20ಕ್ಕೆ ಆರ್ಡರ್ ಕೊಟ್ಟಿತು. ಮೊದಲ ತೇಜಸ್ ಸ್ಕ್ವಾಡ್ರನ್ 2016ರ ಜುಲೈ 1ರಂದು ಬೆಂಗಳೂರಿನಲ್ಲಿ ಆರಂಭವಾದಾಗ ಅದರ ಬಳಿ ಇದ್ದದ್ದು ಎರಡೇ ವಿಮಾನ. ಅದೇ ವರ್ಷದ ನವೆಂಬರ್‌ನಲ್ಲಿ 83 ಮಾರ್ಕ್-1ಎ ವಿಮಾನಗಳ ಅಗತ್ಯವನ್ನು ಖರೀದಿ ಮಂಡಳಿ ಒಪ್ಪಿತು. ಒಪ್ಪಂದಕ್ಕೆ ಸಹಿ ಬಿದ್ದದ್ದು 2021ರ ಫೆಬ್ರವರಿ 3ರಂದು, ಯಲಹಂಕದ ಏರೋ ಇಂಡಿಯಾ ಪ್ರದರ್ಶನದಲ್ಲಿ. ಒಪ್ಪಿಗೆಗೂ ಸಹಿಗೂ ನಡುವೆ ನಾಲ್ಕು ವರ್ಷಕ್ಕೂ ಮಿಗಿಲು.

ಆ ವರ್ಷಗಳಲ್ಲಿ ಏನಾಯಿತು ಎಂಬುದನ್ನು ಎಂಜಿನ್ ಹೇಳುತ್ತದೆ. ತೇಜಸ್‌ಗೆ ಅಮೆರಿಕದ ಜಿಇ ಕಂಪನಿಯ ಎಫ್404-ಐಎನ್20 ಎಂಜಿನ್ ಬಳಸುತ್ತಾರೆ. ಇದು ತೇಜಸ್‌ಗೆಂದೇ ಮಾರ್ಪಡಿಸಿದ ಮಾದರಿ. ಮೊದಲು ಕೇಳಿದ್ದ 65 ಎಂಜಿನ್‌ಗಳನ್ನು ಆ ಕಂಪನಿ 2016ರ ಹೊತ್ತಿಗೆ ಕೊಟ್ಟು ಮುಗಿಸಿತು. ಮುಂದಿನ ಆರ್ಡರ್ ಇರಲಿಲ್ಲ, ಆದ್ದರಿಂದ ಆ ಉತ್ಪಾದನಾ ಸಾಲನ್ನು ಮುಚ್ಚಿತು. ನಾವು 2021ರ ಆಗಸ್ಟ್‌ನಲ್ಲಿ 99 ಎಂಜಿನ್‌ಗಳಿಗೆ 71.6 ಕೋಟಿ ಡಾಲರ್‌ಗಳ ಆರ್ಡರ್ ಕೊಟ್ಟಾಗ, ಐದು ವರ್ಷ ನಿಂತಿದ್ದ ಸಾಲನ್ನು ಮತ್ತೆ ಆರಂಭಿಸಬೇಕಾಯಿತು. ಬಿಡಿಭಾಗ ಕೊಡುತ್ತಿದ್ದವರನ್ನು ಮತ್ತೆ ಹುಡುಕಿ ಒಟ್ಟುಗೂಡಿಸಬೇಕಾಯಿತು. ಅಷ್ಟರಲ್ಲಿ ಕೋವಿಡ್ ಜಗತ್ತಿನ ವಿಮಾನ ಉದ್ಯಮವನ್ನೇ ಅಲುಗಾಡಿಸಿತ್ತು. ಆ 99ರಲ್ಲಿ ಮೊದಲ ಎಂಜಿನ್ ಬಂದದ್ದು 2025ರ ಮಾರ್ಚ್‌ನಲ್ಲಿ. ಮೊದಲ ಮಾರ್ಕ್-1ಎ 2024ರ ಮಾರ್ಚ್ 28ರಂದು ಹಾರಿತ್ತಾದರೂ, ಅದೇ ತಿಂಗಳಿಗೆ ನಿಗದಿಯಾಗಿದ್ದ ಹಸ್ತಾಂತರ ಆಗಲಿಲ್ಲ. ಎಂಜಿನ್ ಒಂದೇ ಕಾರಣವಲ್ಲ. ಹೊಸ ರಾಡಾರ್, ಕ್ಷಿಪಣಿಗಳ ಜೋಡಣೆ, ತಂತ್ರಾಂಶದ ಪ್ರಮಾಣೀಕರಣ ಇವೂ ಸಮಯ ತಿಂದವು. ಆದರೂ ಎಂಜಿನ್ ತಡವಾದದ್ದಕ್ಕೆ ಅಮೆರಿಕದವರನ್ನು ಮಾತ್ರ ದೂರುವಾಗ, ನಾವು ಆರ್ಡರ್ ಕೊಡದೆ ಕಳೆದ ಐದು ವರ್ಷವನ್ನೂ ಲೆಕ್ಕಕ್ಕೆ ಸೇರಿಸಬೇಕು.

ಎಂಜಿನ್ ನಮ್ಮನ್ನು ಹಿಡಿದು ನಿಲ್ಲಿಸಿದ್ದು ಇದೇ ಮೊದಲಲ್ಲ. 1940ರ ಡಿಸೆಂಬರ್‌ನಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಬೆಂಗಳೂರಿನಲ್ಲಿ ಇಂದಿನ ಎಚ್‌ಎಎಲ್‌ನ ಮೂಲವಾದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಆರಂಭಿಸಿದಾಗ ಮೈಸೂರು ಸರ್ಕಾರ ಭೂಮಿಯನ್ನೂ 25 ಲಕ್ಷ ರೂಪಾಯಿ ಬಂಡವಾಳವನ್ನೂ ಕೊಟ್ಟಿತ್ತು. ಅದೇ ಕಾರ್ಖಾನೆಯಲ್ಲಿ ಜರ್ಮನಿಯ ಕುರ್ಟ್ ಟ್ಯಾಂಕ್ ಅವರ ವಿನ್ಯಾಸದ ಎಚ್‌ಎಫ್-24 ಮಾರುತ್ 1961ರ ಜೂನ್ 17ರಂದು ಹಾರಿತು. ಅದಕ್ಕಾಗಿ ಬ್ರಿಟನ್‌ನಲ್ಲಿ ರೂಪುಗೊಳ್ಳಬೇಕಿದ್ದ ಹೆಚ್ಚು ಶಕ್ತಿಯ ಆರ್ಫಿಯಸ್ ಎಂಜಿನ್‌ನ ಅಭಿವೃದ್ಧಿಗೆ ಅಲ್ಲಿಯವರೂ ಹಣ ಹಾಕಲಿಲ್ಲ, ನಾವೂ ಹಾಕಲಿಲ್ಲ. ಹಳೆಯ, ಕಡಿಮೆ ಶಕ್ತಿಯ ಎಂಜಿನ್‌ನಲ್ಲೇ ಮಾರುತ್ ಹಾರಿತು. ವಿನ್ಯಾಸಕಾರರು ಬಯಸಿದ್ದ ವೇಗವನ್ನು ಎಂದೂ ಮುಟ್ಟಲಿಲ್ಲ. 147 ವಿಮಾನಗಳಿಗೆ ನಿಂತುಹೋಯಿತು. ಅಂದು ಆ ಹಣ ಉಳಿತಾಯ ಎಂದೇ ಕಂಡಿರಬೇಕು. ಆ ಸಾಲಿನಿಂದ ಇನ್ನೊಂದು ಯುದ್ಧವಿಮಾನ ಬರಲಿಲ್ಲ, ಅದನ್ನು ಕಟ್ಟಿದವರ ಕೈಗುಣ ಅವರ ನಿವೃತ್ತಿಯೊಂದಿಗೆ ಮನೆಗೆ ಹೋಯಿತು.

ಕೈಗುಣ ಎಂದರೇನು ಎಂಬುದನ್ನು ನಮ್ಮ ಶಾಪಿನ ಒಂದು ಬ್ರಾಕೆಟ್ ಮೂಲಕ ಹೇಳುತ್ತೇನೆ. ಅಂಗೈಗಿಂತ ತುಸು ದೊಡ್ಡದಾದ ಆ ತುಂಡನ್ನು ಹತ್ತು ಕಿಲೋ ತೂಕದ ಅಲ್ಯೂಮಿನಿಯಂ ಬ್ಲಾಕಿನಿಂದ ಕಡೆಯುತ್ತೇವೆ. ಕೊನೆಗೆ ಉಳಿಯುವುದು ಒಂದು ಕಿಲೋಗೂ ಕಡಿಮೆ. ಉಳಿದದ್ದೆಲ್ಲ ಚಿಪ್ಸ್ ಆಗಿ ಡ್ರಮ್ಮಿಗೆ ಬೀಳುತ್ತದೆ. ಬ್ಲಾಕು ಬರುವಾಗಲೇ ಅದರ ಜೊತೆ ಯಾವ ಎರಕದ್ದು, ಯಾವ ಶಾಖೋಪಚಾರ ಆಗಿದೆ ಎಂಬ ಪ್ರಮಾಣಪತ್ರ ಇರುತ್ತದೆ, ಆ ಸಂಖ್ಯೆ ಬ್ರಾಕೆಟ್ ವಿಮಾನದಲ್ಲಿ ಇರುವಷ್ಟು ಕಾಲವೂ ದಾಖಲೆಯಲ್ಲಿ ಉಳಿಯಬೇಕು. ಗೋಡೆ ಎರಡು ಮಿಲಿಮೀಟರಿನಷ್ಟು ತೆಳುವಾಗುತ್ತಾ ಬಂದಂತೆ ಲೋಹ ತನ್ನೊಳಗಿನ ಬಿಗಿತಕ್ಕೆ ತಾನೇ ಬಾಗುತ್ತದೆ. ಆ ಬಾಗನ್ನು ಮೊದಲೇ ಊಹಿಸಿ, ಯಾವ ಬದಿಯನ್ನು ಮೊದಲು ಕಡೆಯಬೇಕು, ಎಷ್ಟು ಹೊತ್ತು ಬಿಟ್ಟು ತಿರುಗಿಸಿ ಮತ್ತೆ ಹಿಡಿಯಬೇಕು ಎಂಬುದನ್ನು ನಮ್ಮ ಫೋರ್‌ಮನ್ ಕಲಿತದ್ದು ಹದಿನೇಳು ತುಂಡು ಕೆಡಿಸಿದ ಮೇಲೆ. ಮೊದಲ ತುಂಡನ್ನು ಅಳತೆ ಮಾಡಿ, ಡ್ರಾಯಿಂಗಿನ ಪ್ರತಿ ಅಳತೆಗೂ ಒಂದೊಂದು ಸಾಲು ಬರೆದು, ಪರಿಶೀಲಕರಿಂದ ಒಪ್ಪಿಗೆ ಪಡೆಯುವ ಹೊತ್ತಿಗೆ ಏಳು ತಿಂಗಳು ಆಗಿತ್ತು. ಅದಾದ ಮೇಲೆ ತಿಂಗಳಿಗೆ ನಲವತ್ತು ತುಂಡು ಕೊಡುವುದು ಕಷ್ಟವಲ್ಲ. ಕಷ್ಟ ಎಂದರೆ ನಿಲ್ಲಿಸಿ ಮತ್ತೆ ಆರಂಭಿಸುವುದು.

ನಮಗೆ ನಿಲ್ಲಿಸಬೇಕಾಯಿತು. ಒಪ್ಪಂದದ ಸುದ್ದಿ ನಂಬಿ ಐದು ಅಕ್ಷದ ಯಂತ್ರಕ್ಕೆ ಬ್ಯಾಂಕಿನಲ್ಲಿ ಸಾಲ ಮಾಡಿದ್ದೆ. ಮೊದಲ ಲಾಟ್ ಕಳಿಸಿದ ವರ್ಷ ಮಾರ್ಚ್ ತಿಂಗಳ ಕೊನೆಯ ವಾರದಲ್ಲಿ, ನಮ್ಮಿಂದ ಕೊಳ್ಳುತ್ತಿದ್ದ ಕಂಪನಿಯ ಲೆಕ್ಕಪತ್ರ ವಿಭಾಗದಿಂದ ಫೋನು ಬಂತು. "ಸರ್, ಮೇಲಿನಿಂದ ನಮಗೇ ಈ ವರ್ಷದ ಕಂತು ಬಂದಿಲ್ಲ. ನಿಮ್ಮ ಬಿಲ್ಲು ಏಪ್ರಿಲ್ ಆದ ಮೇಲೆ ನೋಡೋಣ, ದಯವಿಟ್ಟು ಬೇಸರ ಮಾಡ್ಕೋಬೇಡಿ," ಎಂದು ಆ ಹುಡುಗಿ ಸೌಜನ್ಯದಿಂದಲೇ ಹೇಳಿದಳು. ಹಣ ಬಂದದ್ದು ಆಗಸ್ಟ್‌ನಲ್ಲಿ. ಮುಂದಿನ ಲಾಟಿನ ಆರ್ಡರ್ ಬರಲೇ ಇಲ್ಲ, ಎಂಜಿನ್ ಇಲ್ಲದೆ ಜೋಡಣೆ ನಿಧಾನವಾಗಿದೆ, ದಾಸ್ತಾನು ತುಂಬಿದೆ ಎಂದರು. ಆ ಯಂತ್ರಕ್ಕೆ ಬೇರೆ ಕೆಲಸ ಹುಡುಕಿ ಹೇಗೋ ಕಂತು ಕಟ್ಟಿದೆ. ಬ್ರಾಕೆಟ್ ಹಿಡಿಯುವ ಫಿಕ್ಸ್‌ಚರ್‌ಗೆ ಎಣ್ಣೆ ಸವರಿ, ಪ್ಲಾಸ್ಟಿಕ್ ಸುತ್ತಿ, ಮೇಲಿನ ರ‍್ಯಾಕಿನಲ್ಲಿ ಇಟ್ಟೆವು. ಆ ಕೆಲಸ ಬಲ್ಲ ಇಬ್ಬರು ಹುಡುಗರಲ್ಲಿ ಒಬ್ಬ ಹೊಸೂರಿನ ಕಡೆ ಹೋದ.

ಇದು ಸಣ್ಣ ಶಾಪಿನ ಕಥೆ ಮಾತ್ರವಲ್ಲ. 2019ರ ಜನವರಿಯಲ್ಲಿ, ವಾಯುಪಡೆಯಿಂದ ಬರಬೇಕಾದ ಬಾಕಿ ಸಾವಿರಾರು ಕೋಟಿ ಇದ್ದಾಗ, ಸಿಬ್ಬಂದಿಯ ವೇತನ ಕೊಡಲು ಎಚ್‌ಎಎಲ್ ಸುಮಾರು 1,000 ಕೋಟಿ ಸಾಲ ಮಾಡಬೇಕಾಯಿತು ಎಂದು ಅದರ ಅಧ್ಯಕ್ಷರೇ ಬಹಿರಂಗವಾಗಿ ತಿಳಿಸಿದ್ದರು. ವಾಯುಪಡೆಯ ಕೈಯಲ್ಲಿದ್ದ ಬಂಡವಾಳದ ಹಣ ಸೀಮಿತ. ವಿದೇಶಿ ಒಪ್ಪಂದದ ಕಂತು ತಪ್ಪಿದರೆ ದಂಡವೂ ಉಂಟು, ಮಾನವೂ ಹೋಗುತ್ತದೆ. ದೇಶದೊಳಗಿನ ಸರ್ಕಾರಿ ಕಂಪನಿ ಸ್ವಲ್ಪ ಕಾಯುತ್ತದೆ. ಬಿಗಿಯಾದ ವರ್ಷದಲ್ಲಿ ಕಾಯುವ ಸರದಿ ಯಾರದ್ದು ಎಂಬುದು ಹೀಗೆ ತಾನೇ ತಾನಾಗಿ ನಿರ್ಧಾರವಾಗಿಬಿಡುತ್ತದೆ. ಮತ್ತು ದೊಡ್ಡ ಕಂಪನಿ ಕಾದರೆ ಅದರ ಕೆಳಗಿನ ನೂರಾರು ಶಾಪುಗಳೂ ಕಾಯುತ್ತವೆ.

ಇದರ ಮೂಲದಲ್ಲಿ ಒಂದು ಸಂವಿಧಾನದ ನಿಯಮವಿದೆ, ಅದನ್ನು ನಾನು ಗೌರವಿಸುತ್ತೇನೆ. ಸಂಸತ್ತು ಹಣ ಕೊಡುವುದು ಒಂದು ವರ್ಷಕ್ಕೆ. ಮಾರ್ಚ್ 31ರೊಳಗೆ ಖರ್ಚಾಗದ ಹಣ ಮರಳಿ ಬೊಕ್ಕಸಕ್ಕೆ ಹೋಗುತ್ತದೆ. ಹೀಗಾಗಿ ಒಪ್ಪಂದ ಫೆಬ್ರವರಿಯಲ್ಲಿ ಆಗುತ್ತದೆ ಎಂದು ಇಟ್ಟ ಹಣ, ಸಹಿ ಮೇ ತಿಂಗಳಿಗೆ ಹೋದರೆ, ಕೈತಪ್ಪುತ್ತದೆ. ಮುಂದಿನ ವರ್ಷ ಅಷ್ಟೇ ಸಿಗುತ್ತದೆ ಎಂಬ ಖಾತರಿಯಿಲ್ಲ. ಇನ್ನೊಂದು ವರ್ಷ ಕಂತುಗಳು ಒಟ್ಟಿಗೇ ಬಂದು ಹಣ ಸಾಲದಾಗುತ್ತದೆ. ಇದಕ್ಕೆ ಪರಿಹಾರವಾಗಿ 15ನೇ ಹಣಕಾಸು ಆಯೋಗವು, ವರ್ಷದ ಕೊನೆಗೆ ಬೊಕ್ಕಸಕ್ಕೆ ಮರಳದ ಪ್ರತ್ಯೇಕ ಆಧುನೀಕರಣ ನಿಧಿಯೊಂದನ್ನು ಸ್ಥಾಪಿಸಿ, 2021ರಿಂದ 2026ರ ಅವಧಿಗೆ ಅದರ ಗಾತ್ರ 2,38,354 ಕೋಟಿ ಇರಲಿ ಎಂದು ಸೂಚಿಸಿತ್ತು. ಆ ಪ್ರಸ್ತಾವ ಚರ್ಚೆಗಳಲ್ಲೇ ಉಳಿದುಕೊಂಡಿತು. ಶಾಲೆ, ಆಸ್ಪತ್ರೆಗಳಿಗೆ ಬೇಕಾದ ಹಣವನ್ನು ಯಾವುದೋ ಖಾತೆಯಲ್ಲಿ ಕಟ್ಟಿಹಾಕಿ ಇಡಬಾರದು ಎಂಬ ಹಣಕಾಸಿನವರ ವಾದದಲ್ಲಿ ಸತ್ವವಿದೆ. ನಿಧಿ ಬಂದರೂ ಕಡತ ನಿಧಾನವಾದರೆ ಹಣ ಸುಮ್ಮನೆ ಕೂರುತ್ತದೆಯೇ ಹೊರತು ವಿಮಾನ ಬರುವುದಿಲ್ಲ. ನನ್ನ ಅನುಭವದಲ್ಲಿ ನಿಧಿಗಿಂತ ಹೆಚ್ಚು ಬೆಲೆಯುಳ್ಳದ್ದು, ಹತ್ತು ವರ್ಷಕ್ಕೆ ಇಷ್ಟು ವಿಮಾನ ಕೊಳ್ಳುತ್ತೇವೆ, ಒಂದು ಆರ್ಡರ್ ಮುಗಿಯುವ ಮೂರು ವರ್ಷ ಮೊದಲೇ ಮುಂದಿನದ್ದಕ್ಕೆ ಸಹಿ ಹಾಕುತ್ತೇವೆ ಎಂಬ ಸಾರ್ವಜನಿಕ ಮಾತು, ಮತ್ತು ಆ ಮಾತನ್ನು ಉಳಿಸಿಕೊಳ್ಳುವುದು. ಅಂಥ ಮಾತು ಇದ್ದರೆ ಬ್ಯಾಂಕಿನವರು ಸಾಲ ಕೊಡುತ್ತಾರೆ, ಹುಡುಗರು ಕೆಲಸ ಬಿಡುವುದಿಲ್ಲ, ಎಂಜಿನ್ ಮಾಡುವವನು ಸಾಲು ಮುಚ್ಚುವುದಿಲ್ಲ.

ತುರ್ತು ಖರೀದಿಯ ವ್ಯವಸ್ಥೆಯೂ ಇದೆ. ಉರಿ ದಾಳಿಯ ನಂತರ, ಬಾಲಾಕೋಟ್ ನಂತರ, 2020ರ ಗಾಲ್ವಾನ್ ಘರ್ಷಣೆಯ ನಂತರ ಪಡೆಗಳ ಉಪಮುಖ್ಯಸ್ಥರಿಗೆ ವಿಶೇಷ ಅಧಿಕಾರ ಕೊಟ್ಟು ಮದ್ದುಗುಂಡು, ಕ್ಷಿಪಣಿ, ಡ್ರೋನ್‌ಗಳನ್ನು ಬೇಗ ತರಿಸಲಾಯಿತು. ಅದು ಸಿದ್ಧವಾಗಿರುವ ವಸ್ತುವಿಗೆ ಸರಿ. ಯುದ್ಧವಿಮಾನವನ್ನು ಹಾಗೆ ತರಿಸಲು ಬರುವುದಿಲ್ಲ.

ಇತ್ತೀಚೆಗೆ ಕ್ರಮ ಸ್ವಲ್ಪ ಬದಲಾಗಿದೆ ಎಂಬುದನ್ನು ಹೇಳಲೇಬೇಕು. 2025ರ ಮಾರ್ಚ್ 28ರಂದು ವಾಯುಪಡೆಗೆ 66, ಭೂಸೇನೆಗೆ 90, ಒಟ್ಟು 156 ಪ್ರಚಂಡ್ ಯುದ್ಧ ಹೆಲಿಕಾಪ್ಟರ್‌ಗಳಿಗೆ 62,700 ಕೋಟಿಯ ಒಪ್ಪಂದವಾಯಿತು. ಅವು ಬೆಂಗಳೂರು ಮತ್ತು ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನ ಹೊಸ ಕಾರ್ಖಾನೆಯಲ್ಲಿ ತಯಾರಾಗಬೇಕು. ಹದಿನೈದು ಹೆಲಿಕಾಪ್ಟರ್‌ಗಳ ಮೊದಲ ಆರ್ಡರ್ ಕೊಟ್ಟ ಮೂರೇ ವರ್ಷಕ್ಕೆ ಇಷ್ಟು ದೊಡ್ಡ ಆರ್ಡರ್ ಬಂದದ್ದು ನಮ್ಮಲ್ಲಿ ಅಪರೂಪ. ತೇಜಸ್‌ನಲ್ಲಿಯೂ 83ರ ಪೂರೈಕೆ ಮುಗಿಯುವ ಮೊದಲೇ 97ಕ್ಕೆ ಸಹಿಯಾಯಿತು. ರೆಕ್ಕೆಗಳು ಕೊಯಮತ್ತೂರಿನಿಂದ, ನಡುಭಾಗ ಹೈದರಾಬಾದಿನಿಂದ, ಹಿಂಭಾಗ ಬೆಂಗಳೂರಿನ ಖಾಸಗಿ ಕಂಪನಿಯಿಂದ ಬರುವ ಏರ್ಪಾಡು ಸಿದ್ಧವಾಗಿದೆ. ನಾಸಿಕ್‌ನ ಸಾಲಿನಿಂದ ಮೊದಲ ಮಾರ್ಕ್-1ಎ 2025ರ ಅಕ್ಟೋಬರ್ 17ರಂದು ಹಾರಿತು. ನನಗೆ ಎಲ್ಲಕ್ಕಿಂತ ಸಮಾಧಾನ ಕೊಟ್ಟ ಸುದ್ದಿ ನವೆಂಬರ್‌ನದ್ದು: ಹೊಸ 97 ವಿಮಾನಗಳಿಗಾಗಿ 113 ಎಂಜಿನ್‌ಗಳ ಒಪ್ಪಂದ, ವಿಮಾನದ ಒಪ್ಪಂದವಾಗಿ ಆರೇ ವಾರಕ್ಕೆ. ಹಿಂದಿನ 99 ಎಂಜಿನ್‌ಗಳ ಪೂರೈಕೆ ನಡೆಯುತ್ತಿರುವಾಗಲೇ ಇದು ಆಗಿದೆ, ಅಂದರೆ ಆ ಸಾಲು ಈ ಬಾರಿ ನಿಲ್ಲುವುದಿಲ್ಲ.

ಮುಂದಿನ ಬಜೆಟ್ ದಿನ ನಾನು ನೋಡುವುದು ಒಟ್ಟು ಮೊತ್ತವನ್ನಲ್ಲ. ರಕ್ಷಣಾ ಬಂಡವಾಳ ವೆಚ್ಚದ ಬೇಡಿಕೆಯಲ್ಲಿ 'ವಿಮಾನ ಮತ್ತು ವಿಮಾನ ಎಂಜಿನ್' ಎಂಬ ಒಂದು ಸಾಲು ಇರುತ್ತದೆ. ಅದರಲ್ಲಿ ಕಳೆದ ವರ್ಷದ ಅಂದಾಜು ಎಷ್ಟಿತ್ತು, ಪರಿಷ್ಕೃತ ಅಂದಾಜು ಎಷ್ಟಾಯಿತು, ಈ ವರ್ಷಕ್ಕೆ ಎಷ್ಟು ಇಟ್ಟಿದ್ದಾರೆ ಎಂಬ ಮೂರು ಅಂಕಿಗಳನ್ನು ಪಕ್ಕಪಕ್ಕ ಬರೆದುಕೊಳ್ಳುತ್ತೇನೆ. ಪರಿಷ್ಕೃತ ಅಂದಾಜು ಕುಸಿದಿದ್ದರೆ ಎಲ್ಲೋ ಪೂರೈಕೆ ಅಥವಾ ಸಹಿ ತಪ್ಪಿದೆ ಎಂದು ಅರ್ಥ. ಮಾರ್ಚ್‌ನಲ್ಲಿ ಯಾವ ಫೋನು ಬರಬಹುದು ಎಂಬುದೂ ಅದರಿಂದ ಸ್ವಲ್ಪಮಟ್ಟಿಗೆ ತಿಳಿಯುತ್ತದೆ.

ಕಳೆದ ತಿಂಗಳು ಬ್ರಾಕೆಟ್‌ನ ಆರ್ಡರ್ ಮತ್ತೆ ಬಂತು, ಈ ಬಾರಿ ಮೂರು ವರ್ಷದ ವೇಳಾಪಟ್ಟಿಯೊಂದಿಗೆ. ಫಿಕ್ಸ್‌ಚರ್ ಕೆಳಗಿಳಿಸಿ ಎಣ್ಣೆ ಒರೆಸಿದೆವು. ಮೊದಲ ಎರಡು ತುಂಡು ಬಾಗಿ ರಿಜೆಕ್ಟ್ ಆದವು, ಮೂರನೆಯದು ಅಳತೆಗೆ ಬಂತು. ಹೊಸೂರಿಗೆ ಹೋದ ಹುಡುಗನಿಗೆ ಫೋರ್‌ಮನ್ ಫೋನು ಮಾಡಿದ್ದಾರೆ. ದೀಪಾವಳಿ ಬೋನಸ್ ಕೈಗೆ ಬಂದ ಮೇಲೆ ಹೇಳುತ್ತೇನೆ ಅಣ್ಣ, ಅಂದನಂತೆ.